ಮಾತ್ರೆಯ ದಿನ, ಕರೆಂಟಿನ ದಿನ

ಅವತ್ತು ನಾನು ಅಂಗಳದಲ್ಲಿ ಕೂತು ನವಣೆ ಕೇರುತ್ತಿದ್ದೆ. ಜಗಳೂರಿನ ಗಾಳಿಯ ಬುದ್ಧಿ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೆಕೆಗೆ ಒದ್ದಾಡುವಾಗ ಒಂದು ಎಲೆಯೂ ಅಲ್ಲಾಡುವುದಿಲ್ಲ. ಮೊರ ಹಿಡಿದು ಕೂತರೆ ಸಾಕು, ಹೊಟ್ಟನ್ನೆಲ್ಲ ತಂದು ಕಣ್ಣಿಗೇ ತೂರುತ್ತದೆ. ಸೆರಗಿನಿಂದ ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡಿದ್ದೆ. ಹಾಗಾಗಿ ಬಾಗಿಲಲ್ಲಿ ಬಂದು ನಿಂತ ಕುರಿ ವ್ಯಾಪಾರದ ಸಾಬರಿಗೆ ನನ್ನ ಗುರುತೇ ಹತ್ತಲಿಲ್ಲ.

"ಅಮ್ಮಾರು ಮನ್ಯಾಗೆ ಅದಾರೇನವ್ವಾ?" ಅಂತ ನನ್ನನ್ನೇ ಕೇಳಿದರು.

"ನಾನೇ ರೀ ಸಾಬ್ರೆ," ಅಂತ ಸೆರಗು ಬಿಚ್ಚಿದೆ.

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮನುಷ್ಯ. ನಮ್ಮ ಬೀದಿಯ ಕೊನೆಯ ಮನೆ ಅವರದು. ಸಂತೆಯಿಂದ ಸಂತೆಗೆ ತಿರುಗುವ ಕಸುಬು, ಹೋದ ಊರಿನ ಸುದ್ದಿಯನ್ನೆಲ್ಲ ಹೊತ್ತು ತಂದು ನಗಿಸಿ ಹಂಚುತ್ತಿದ್ದರು. ಅವತ್ತು ನಗಲಿಲ್ಲ. ನಾನು ಮೊರ ಕೆಳಗಿಟ್ಟೆ.

"ಚನ್ನಗಿರಿಗೆ ಹೋಗಿದ್ದೆ ತಾಯಿ. ನಿಮ್ಮ ಯಜಮಾನ್ರನ್ನ ನೋಡ್ಕೊಂಡು ಬಂದೆ. ಆರಾಮ ಅದಾರೆ. ಚಲೋ ಮಾತಾಡಿಸಿದ್ರು."

"ಮತ್ತೆ?"

"ಡಾಕ್ಟ್ರು ಇನ್ನ ಕರೆಂಟ್ ಕೊಡೋದು ಸಾಕು ಅಂದಾರಂತೆ. ಏನೂ ಗುಣ ಕಾಣ್ಲಿಲ್ಲಂತೆ. ಬಂದು ಕರ್ಕೊಂಡು ಹೋಗ್ಬೇಕು ಅಂತ ನಿಮ್ಮತ್ತೆ ಹೇಳಿ ಕಳಿಸಿದ್ರು." ಹೊರಡಲು ತಿರುಗಿ, "ಮೇಲಿರೋನು ಒಬ್ಬ ಅದಾನಲ್ರಿ, ತಲಿ ಕೆಡಿಸ್ಕೊಬ್ಯಾಡ್ರಿ," ಅಂದು ಹೋದರು.

ಅರ್ಧ ಹಸನಾದ ನವಣೆಯನ್ನು ಹೊಟ್ಟಿನ ಸಮೇತ ಡಬ್ಬಿಗೆ ಸುರಿದೆ. ದೇವರ ಮುಂದೆ ಹೋಗಿ ಕೂತೆ. ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಇಷ್ಟು ದಿನ ಬೇಡಿದ್ದನ್ನೇ ಇನ್ನೊಂದು ಸಲ ಬೇಡಿದರೆ ಶಿವನಿಗೂ ಬೇಸರವಾಗುತ್ತದೇನೋ ಅನ್ನಿಸಿತು.

ನಮ್ಮ ಯಜಮಾನರು ದರ್ಜಿ. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ, ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಿಶನ್, ಗೋಡೆಗೆ ಒಂದು ಕನ್ನಡಿ, ಇಷ್ಟೇ ಆಸ್ತಿ. ಸೊಕ್ಕೆ ಕಡೆಯ ಹಳ್ಳಿಗಳಿಂದ ಮದುವೆ ಬಟ್ಟೆ ಅವರ ಕೈಗೇ ಬರುತ್ತಿತ್ತು. ಮುಂಜಾನೆ ಕೂತರೆ ಸಂಜೆಯವರೆಗೆ ಕಾಲು ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಮಣೆಯ ಮೇಲೆ ಪಾದ ತಾನಾಗಿ ಕುಣಿಯುತ್ತಿತ್ತು. "ಅನ್ನ ಹೊಲೀತೀರೇನ್ರಿ?" ಅಂತ ನಾನು ಚೇಷ್ಟೆ ಮಾಡುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ, ದಾವಣಗೆರೆಯಿಂದ ಬಟ್ಟೆ ಗಂಟು ತಂದವರು, ಅದನ್ನು ಇಳಿಸಲು ಬಸ್ಸಿನ ಮೇಲೆ ಹತ್ತಿದರು. ಇಳಿಯುವಾಗ ಏಣಿಯ ಮೇಲೆ ಕಾಲು ಜಾರಿತು. ಬೆನ್ನು ಹೋಗಿ ಕಲ್ಲಿಗೆ ಬಡಿಯಿತು. ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಮೂಳೆ ಕೂಡಿತು. ನರ ಮಾತ್ರ ಜಜ್ಜಿ ಹೋಗಿದೆ, ಪೂರ್ತಿ ಹರಿದಿಲ್ಲ, ಮುಂದಿನದು ಹೇಳಲಾಗುವುದಿಲ್ಲ ಅಂದು ಮನೆಗೆ ಕಳಿಸಿದರು. ಹೆಬ್ಬೆರಳನ್ನು ಚಿವುಟಿದರೆ ಅವರಿಗೆ ಗೊತ್ತಾಗುತ್ತಿತ್ತು. ಆದರೆ ಅದನ್ನು ಮಡಿಸು ಅಂದರೆ ಆಗುತ್ತಿರಲಿಲ್ಲ. ಆಸ್ಪತ್ರೆ ಬಿಡುವ ಹೊತ್ತಿಗೆ ಒಂದಕ್ಕೆ ಎರಡಕ್ಕೆ ಹತೋಟಿ ಬಂದಿತ್ತು. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಹಾಸಿಗೆ ಹಿಡಿದವರ ಸೇವೆ ಮಾಡಿದ ಯಾವ ಹೆಂಗಸನ್ನಾದರೂ ಕೇಳಿ, ಅದು ಎಂಥ ದೊಡ್ಡ ಉಪಕಾರ ಅಂತ ಹೇಳುತ್ತಾಳೆ. ಅವತ್ತೇ ಶಿವನಿಗೆ ಒಂದು ಕಾಯಿ ಒಡೆಸಿದೆ.

ಮೊದಲು ನನ್ನ ತವರು ನ್ಯಾಮತಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಹೊನ್ನಾಳಿಯ ಒಬ್ಬ ಪಂಡಿತರ ಹತ್ತಿರ ಹೋದೆವು. ಅವರು ಬೇರಿನ ಕಷಾಯ, ಬೆನ್ನಿಗೆ ಎಣ್ಣೆ ಕೊಟ್ಟರು. ಔಷಧಿಗಿಂತ ಪಥ್ಯ ದೊಡ್ಡದು. ಪಪ್ಪಾಯಿ ಬೇಡ, ಎಳ್ಳು ಬೇಡ, ಹೊಸ ಬೆಲ್ಲ ಬೇಡ. "ನನ್ನ ಕಷಾಯ ಉಷ್ಣ. ಉಷ್ಣದ ಮೇಲೆ ಉಷ್ಣ ಬೀಳಬಾರ್ದು. ಒಂದು ದಿನಕ್ಕೆ ಒಂದೇ ಉಷ್ಣ," ಅಂತ ಅತ್ತೆಗೆ ಬಾಯಿಪಾಠ ಮಾಡಿಸಿದರು. ಅತ್ತೆಗೆ ಅದು ಮಂತ್ರವಾಯಿತು. ಕಷಾಯದಿಂದ ನೋವು ಹೋಯಿತು, ನಿದ್ದೆ ಬಂತು. ಸುಳ್ಳು ಹೇಳಬಾರದು, ಪಂಡಿತರು ಒಳ್ಳೆಯವರು. "ನೋವು ತೆಗೀತೀನವ್ವ, ಕಾಲು ಎಬ್ಬಿಸೋ ಶಕ್ತಿ ನನ್ನ ಬೇರಿನಾಗಿಲ್ಲ," ಅಂತ ಅವರೇ ಹೇಳಿ ಕಳಿಸಿದರು.

ಆಮೇಲೆ ಚನ್ನಗಿರಿಗೆ ಕೊಟ್ಟಿದ್ದ ನನ್ನ ಅಕ್ಕ ಹೇಳಿ ಕಳಿಸಿದಳು. ಅವರ ಊರಿನವರೇ ಆದ ಡಾಕ್ಟರೊಬ್ಬರು ಮಿಲಿಟರಿಯಿಂದ ನಿವೃತ್ತಿಯಾಗಿ ಬಂದಿದ್ದಾರೆ, ಬೆನ್ನು ಮುರಿದ ಸಿಪಾಯಿಗಳಿಗೆಲ್ಲ ಔಷಧಿ ಮಾಡಿದವರು, ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ, ಒಂದು ಸಲ ತೋರಿಸಿ ನೋಡಿ ಅಂತ.

ಆ ಡಾಕ್ಟರದು ದಪ್ಪ ಮೀಸೆ, ಗದರಿಸುವ ದನಿ. ಮೊದಲ ದಿನ ಇವರ ಕಾಲನ್ನೆಲ್ಲ ಸುತ್ತಿಗೆಯಲ್ಲಿ ತಟ್ಟಿ ನೋಡಿ ಅತ್ತೆಗೂ ನನಗೂ ಹೇಳಿದರು: "ನಡೆಯೋದನ್ನ ತಲೆ ಒಂದೇ ಮಾಡಲ್ಲ, ತಿಳೀತೇನ್ರಿ? ಸೊಂಟದ ಹತ್ರ ಬೆನ್ನುಹುರಿ ಒಳಗೆ ನರದ ಒಂದು ಗುಂಪು ಐತೆ. ಎಡಗಾಲು ಆದ್ಮೇಲೆ ಬಲಗಾಲು, ಬಲಗಾಲು ಆದ್ಮೇಲೆ ಎಡಗಾಲು, ಆ ತಾಳ ಹಾಕೋದು ಅದು. ತಲೆ 'ಹೊರಡು' ಅಂತ ಅಪ್ಪಣೆ ಕೊಡ್ತೈತೆ, ಅಷ್ಟೆ. ತಲೆ ಹಾರಿಸಿದ ಕೋಳಿ ಅಂಗಳದಾಗೆ ಓಡೋದು ನೋಡಿಲ್ವೇನು?"

"ಶಿವಶಿವಾ! ನಾವು ಲಿಂಗವಂತ್ರು ರೀ. ಅದನ್ನೆಲ್ಲಿ ನೋಡಾನ?" ಅಂದರು ಅತ್ತೆ, ಕಿವಿ ಮುಚ್ಚಿಕೊಂಡು.

"ಹಂಗಾದ್ರೆ ಪಕ್ಕದ ಮನೆಯವ್ರನ್ನ ಕೇಳ್ರಿ. ಇವ್ರಿಗೆ ಅಪ್ಪಣೆ ಬರೋ ದಾರಿ ಜಜ್ಜಿ ಹೋಗೈತೆ. ಕೆಳಗಿನ ಗುಂಪು ಸತ್ತಿಲ್ಲ, ಮಲಗೈತೆ. ಅದನ್ನ ಎಬ್ಬಿಸಾಕೆ ಮಾತ್ರೆ. ದೂಡಾಕೆ ಕರೆಂಟ್. ಪ್ರಾಣಿಗಳ ಮೇಲೆ ಮಾಡಿ ನೋಡಿದಾರೆ. ಮನುಷ್ಯರಿಗೆ ಆಗೇ ಆಗ್ತೈತೆ ಅಂತ ನಾನು ಮಾತು ಕೊಡಲ್ಲ. ನರ ಪೂರ್ತಿ ಹರಿದಿದ್ರೆ ಮುಟ್ತಾನೂ ಇರ್ಲಿಲ್ಲ."

ದಿನ ಬಿಟ್ಟು ದಿನ ಡಾಕ್ಟರ ಹತ್ತಿರ ಹೋಗಿ ಕರೆಂಟು. ಮಾತ್ರೆಯನ್ನು ದಿನಾ ಮನೆಯಲ್ಲಿ ನುಂಗಿಸುವುದು. ಅತ್ತೆ ಮಗನ ಜೊತೆ ಅಕ್ಕನ ಮನೆಯಲ್ಲೇ ಉಳಿದರು. ನಾನು ಮನೆ, ದನ, ಶಾಲೆಗೆ ಹೋಗುವ ಮಗಳು ಅಂತ ಜಗಳೂರಿಗೆ ಬಂದೆ. ಬಂದು ನಿಂತಾಗಿಂದ ಯಾರಾದರೂ ಚನ್ನಗಿರಿ ಕಡೆಯಿಂದ ಬಂದರೇ ಅಂತ ಬೀದಿ ನೋಡುತ್ತಿದ್ದೆ. ಕೊನೆಗೆ ಬಂದ ಸುದ್ದಿ ಸಾಬರು ತಂದದ್ದು.

ಮರುದಿನ ದನವನ್ನು ಪಕ್ಕದ ಮನೆಗೆ ಒಪ್ಪಿಸಿ, ಮಗಳನ್ನು ಕಟ್ಟಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಕೈ ಗಟ್ಟಿ ಇದೆ, ತಲೆ ಗಟ್ಟಿ ಇದೆ, ಅಂಗಡಿಯಲ್ಲಿ ಕೂರಿಸಿದರೆ ಬಟ್ಟೆ ಕತ್ತರಿಸಬಹುದು. ತುಳಿಯುವವರು ಯಾರು? ನಾನೇ ಕಲಿಯಬೇಕೇನೋ. ಬಟ್ಟೆ ಕತ್ತರಿಸಿ ಕೊಟ್ಟು, ಮಿಶನ್ನಿನ ಮುಂದೆ ಹೆಂಡತಿಯನ್ನು ಕೂರಿಸಿ, ತಾವು ಗೋಡೆಗೊರಗಿ ಕೂರುವ ಮನುಷ್ಯ ಅವರಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ಒಳಗೇ ಕರಗುತ್ತಾರೆ. ನನಗೆ ಭಯವಿದ್ದದ್ದು ಅದಕ್ಕೆ.

ಅಕ್ಕನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂತು ಯಾರದೋ ಕುಪ್ಪಸಕ್ಕೆ ಕಾಜಾ ಹೊಲಿಯುತ್ತಿದ್ದರು. ನನ್ನನ್ನು ನೋಡಿ ಸೂಜಿಯನ್ನು ತಲೆದಿಂಬಿಗೆ ಚುಚ್ಚಿ, "ಬಂದೇನೆ? ಪಾರ್ಸಲ್ ವಾಪಸ್ ಬಂದೈತೆ, ಸಹಿ ಮಾಡಿ ತಗಂಡು ಹೋಗು," ಅಂದರು.

"ಬಿಡ್ತು ಅನ್ರಿ," ಅಂದೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಕ್ಕ ಮಗಳನ್ನು ಒಳಗೆ ಕರೆದುಕೊಂಡು ಹೋದಳು.

ಅತ್ತೆ ಗಂಟು ಕಟ್ಟುತ್ತಿದ್ದರು. ಸೀರೆ, ತಟ್ಟೆ, ವಿಭೂತಿ ಗಟ್ಟಿ. ಎಲ್ಲ ಕಟ್ಟಿಯಾದ ಮೇಲೆ ಒಂದು ಸಣ್ಣ ಬಾಟಲಿ ಹೊರಗೆ ಉಳಿಸಿಕೊಂಡರು. ಅದರ ತುಂಬ ಬಿಳಿ ಮಾತ್ರೆ.

"ಇದನ್ನ ಡಾಕ್ಟ್ರಿಗೆ ವಾಪಸ್ ಕೊಟ್ಟು ಹೋಗಾನ. ಔಷಧಿ ಅಂದ್ರೆ ಅನ್ನ ಇದ್ದಂಗೆ, ಚೆಲ್ಲಬಾರ್ದು. ಯಾರಾದ್ರೂ ಬಡವ್ರಿಗೆ ಆಗ್ತಾವೆ," ಅಂದರು. ಅತ್ತೆಯ ಗುಣವೇ ಅದು. ಹಬ್ಬದ ದಿನ ಬೇರೆಯವರ ಮನೆಯಿಂದ ಹೋಳಿಗೆ ಬಂದ ತಟ್ಟೆಯನ್ನೂ ಬರಿದು ಕಳಿಸಿದವರಲ್ಲ.

ಡಾಕ್ಟರಿಗೆ ನಮಸ್ಕಾರ ಹೇಳಿ ಹೋಗುವುದು ಅಂತ ಎಲ್ಲರೂ ಹೊರಟೆವು. ಇವರನ್ನು ಕರೆದೊಯ್ಯಲು ಅಕ್ಕ ತರಕಾರಿ ಮಾರುವವರ ತಳ್ಳುಗಾಡಿ ಗೊತ್ತು ಮಾಡಿದ್ದಳು. ಅದರ ಮೇಲೆ ಕೌದಿ ಹಾಸಿ ಕೂರಿಸಿ ತಳ್ಳಿಕೊಂಡು ಹೋಗುವುದು. ಬೀದಿಯ ತಿರುವಿನಲ್ಲಿ ಇವರು ಇದ್ದಕ್ಕಿದ್ದಂತೆ, "ಬದನೇಕಾಯ್! ಜಗಳೂರ್ ಬದನೇಕಾಯ್!" ಅಂತ ಕೂಗಿದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ, "ಹುಳ ಬಿದ್ದೈತೇನಪ್ಪಾ?" ಅಂದಳು. "ಕಾಯಿ ಚಲೋ ಐತಜ್ಜಿ, ತೊಟ್ಟು ಮಾತ್ರ ಅಲ್ಲಾಡವಲ್ದು," ಅಂದರು ಇವರು. ಅಕ್ಕ ನಗು ತಡೆಯಲಾರದೆ ಗಾಡಿ ಬಿಟ್ಟು ಗೋಡೆ ಹಿಡಿದುಕೊಂಡಳು.

ಡಾಕ್ಟರು ನಮ್ಮನ್ನು ನೋಡಿ ಎದ್ದು ನಿಂತರು. ಗದರಿಸುವ ಮನುಷ್ಯ ಮೆತ್ತಗಾಗಿದ್ದರೆ ಹೆಚ್ಚು ಭಯ. "ನನ್ನ ಕೈಲಾದ್ದು ಮಾಡಿದೆನಮ್ಮ," ಅಂತ ನನಗೆ ಹೇಳಿದರು. "ಇಷ್ಟೊತ್ತಿಗೆ ಒಂದು ಸುಳಿವಾದ್ರೂ ಕಾಣ್ಬೇಕಿತ್ತು. ಸುಮ್ನೆ ಹಿಂಸೆ ಕೊಡೋದು ಬ್ಯಾಡ."

ಅತ್ತೆ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟ್ರಪ್ಪಾ, ನಿಮ್ಮ ಮಾತ್ರೆ ಉಳಿದಾವೆ. ತಗೋರಿ."

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಉಳಿದಾವೆ? ಇವು ತೀರಿ ಹೋಗ್ಬೇಕಿತ್ತಲ್ಲ."

"ಕರೆಂಟಿನ ದಿನ ಕೊಟ್ಟಿಲ್ಲಲ್ಲಪ್ಪಾ, ಅದಕ್ಕೆ."

"ಏನಂದ್ರಿ?"

"ಕರೆಂಟಿನ ದಿನ ಕೊಡಂಗಿಲ್ಲಲ್ಲ. ಮಾತ್ರೆ ದಿನ ಮಾತ್ರೆ, ಕರೆಂಟಿನ ದಿನ ಕರೆಂಟು."

"ಅಜ್ಜಿ, ನೀವು ಕರೆಂಟಿಗೆ ಬಂದಾಗೆಲ್ಲ ನಾನು ಕೇಳಿದ್ನಲ್ಲ, ಮಾತ್ರೆ ಕೊಟ್ಟಿರೇನು ಅಂತ?"

"ಕೊಟ್ಟೀನಿ ಅಂದೆ. ಕೊಟ್ಟಿದ್ದೆ. ಹಿಂದಿನ ದಿನ." ಅತ್ತೆಯ ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. "ಎರಡೂ ಉಷ್ಣ ಅಲ್ಲೇನಪ್ಪಾ? ಮಾತ್ರೆ ನುಂಗಿದ್ರೆ ಇವನ ಬಾಯಿ ಒಣಗಿ ನಾಲಿಗೆ ಅಂಟ್ಕೊಳ್ತೈತೆ. ಕರೆಂಟ್ ಹಿಡಿದ್ರೆ ಬೆನ್ನು ಕೆಂಪಗಾಗ್ತೈತೆ. ಎರಡೂ ಒಂದೇ ದಿನ ಹಾಕಿದ್ರೆ ನನ್ನ ಮಗ ಬೆಂದು ಹೋಗಲ್ಲೇನು? ಹೊನ್ನಾಳಿ ಪಂಡಿತ್ರು ಬಿಡಿಸಿ ಹೇಳಿದ್ರು, ದಿನಕ್ಕೆ ಒಂದೇ ಉಷ್ಣ. ನಿಮ್ಮ ಮಾತೂ ಮೀರಿಲ್ಲ, ಅವರ ಮಾತೂ ಮೀರಿಲ್ಲ. ಎರಡೂ ನಡೆಸೀನಿ."

ಡಾಕ್ಟರು ಕುರ್ಚಿಯ ಮೇಲೆ ಕೂತರು. ಬೈಯುತ್ತಾರೆ ಅಂತ ನಾನು ಸೆರಗು ಬಿಗಿ ಹಿಡಿದೆ. ಅವರ ಮೀಸೆ ಅದುರಿತು, ಭುಜ ಅದುರಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅತ್ತೆಗೆ ಸಿಟ್ಟು ಬಂತು. "ಇದ್ರಾಗೆ ನಗೋದೇನೈತೆ?"

"ನಿಮ್ಮ ಮೇಲೆ ನಕ್ಕಿದ್ದಲ್ಲಜ್ಜಿ. ನಿಮ್ಮ ಮಗನ ಕಾಲಿಗೆ ಆಗಲ್ಲ ಅಂತ ಮೂರು ರಾತ್ರಿ ನಿದ್ದೆ ಇಲ್ದೆ ಹೊಳ್ಳಾಡೀನಿ. ಆ ಕಾಲಿಗೆ ನಾವು ಔಷಧೀನೇ ಕೊಟ್ಟಿಲ್ಲ! ಮಾತ್ರೆ ಎಬ್ಬಿಸಿದಾಗ ದೂಡೋರಿಲ್ಲ, ಕರೆಂಟ್ ದೂಡಾಕೆ ಬಂದಾಗ ಅದು ಮತ್ತೆ ಮಲಗೈತೆ. ಎರಡೂ ಒಟ್ಟಿಗೆ ಬಿದ್ರೇನೇ ಔಷಧಿ. ಅದನ್ನ ನಾನು ನಿಮಗೆ ಬಿಡಿಸಿ ಹೇಳ್ಬೇಕಿತ್ತು. ಬರೀ ಮಾತ್ರೆ ಕೊಡ್ರಿ ಅಂದೆ, ಯಾಕೆ, ಯಾವಾಗ ಅಂತ ಹೇಳ್ಲಿಲ್ಲ."

ಅತ್ತೆ ಒಪ್ಪಲಿಲ್ಲ. ಒಪ್ಪಬೇಕಾದರೂ ಹೇಗೆ? ಆ ನಿಯಮ ನನ್ನ ಕೈಯಲ್ಲಿದ್ದರೆ ನಾನೂ ಹಾಗೇ ನಡೆಸುತ್ತಿದ್ದೆನೇನೋ. ಬಾಣಂತಿತನದಿಂದ ಹಿಡಿದು ಕೂಸಿನ ಕೆಮ್ಮಿನವರೆಗೆ ನಾವು ಬದುಕಿದ್ದೇ ಉಷ್ಣ ಶೀತದ ಲೆಕ್ಕದ ಮೇಲೆ. ಆಗ ಇವರು ಗೋಡೆಗೊರಗಿ ಕೂತಲ್ಲಿಂದಲೇ ಅಂದರು:

"ಅವ್ವಾ, ಮಿಶನ್ನಿಗೆ ಎಣ್ಣೆ ಹಾಕೋದು ಒಂದಿನ, ಗಾಲಿ ತಿರುವೋದು ಇನ್ನೊಂದಿನ ಅಂದ್ರೆ ಹೆಂಗೆ? ತುಕ್ಕು ಹಿಡಿದ ಮಿಶನ್ನಿಗೆ ಎಣ್ಣೆ ಬಿಟ್ಟ ಕೂಡ್ಲೆ ಕೈಲಿ ಗಾಲಿ ತಟ್ಟಬೇಕು. ಆಗ್ಲೇ ಅದು ತಿರುಗೋದು. ಎಣ್ಣೆ ಆರಿದ ಮೇಲೆ ಎಷ್ಟು ತಟ್ಟಿದ್ರೂ ಕೈಯೇ ನೋಯ್ತದೆ."

"ಮಿಶನ್ ಕಬ್ಬಿಣ ಕಣಪ್ಪಾ, ನೀನು ಕಬ್ಬಿಣ ಏನು?" ಅಂದರು ಅತ್ತೆ. ಆದರೆ ಡಾಕ್ಟರ ಕಡೆ ತಿರುಗಿದರು. "ಮಾತ್ರೆಗೆ ಮುಂಚೆ ಜೀರಿಗೆ ಮಜ್ಜಿಗೆ ಕುಡಿಸ್ತೀನಿ. ಕರೆಂಟಿಗೆ ಮುಂಚೆ ನೆತ್ತಿಗೆ ಹರಳೆಣ್ಣೆ ತಟ್ತೀನಿ. ಅದಕ್ಕೆ ಒಪ್ಪಿದ್ರೆ ನಾನೂ ಒಪ್ತೀನಿ."

"ಮಜ್ಜಿಗೆ ಕುಡಿಸ್ರಿ, ಎಣ್ಣೆ ತಟ್ರಿ, ನಿಂಬೆಹಣ್ಣು ಬೇಕಾದ್ರೆ ಇಳಿ ತೆಗೀರಿ," ಅಂದರು ಡಾಕ್ಟರು. "ಮಾತ್ರೆ ಮಾತ್ರ ತಪ್ಪಿಸಬ್ಯಾಡ್ರಿ."

ಕಟ್ಟಿದ ಗಂಟು ಅವತ್ತೇ ಬಿಚ್ಚಿದೆವು.

ಮೊದಲ ದಿನ ಏನೂ ಆಗಲಿಲ್ಲ. ಇವರು ಮಾತ್ರೆ ನುಂಗಿದ ಒಂದು ಗಂಟೆ ಬಿಟ್ಟು ಡಾಕ್ಟರು ಮರದ ಪೆಟ್ಟಿಗೆ ತೆಗೆದರು. ಅದಕ್ಕೊಂದು ತಿರುಪು, ಎರಡು ತಂತಿ. ತಂತಿಯ ತುದಿಗೆ ಒದ್ದೆ ಬಟ್ಟೆಯ ಸಣ್ಣ ದಿಂಬು. ಅವನ್ನು ಸೊಂಟಕ್ಕಿಂತ ಸ್ವಲ್ಪ ಮೇಲೆ ಬೆನ್ನಿಗೆ ಇಟ್ಟು ಪಟ್ಟಿ ಬಿಗಿದು ತಿರುಪು ತಿರುಗಿಸಿದರೆ ಇವರ ಬೆನ್ನು ಜುಮ್ಮೆನ್ನುತ್ತಿತ್ತು. ಅತ್ತೆ ಹಣೆ ಮುಟ್ಟಿ, ಹೊಟ್ಟೆ ಮುಟ್ಟಿ, ಅಂಗೈ ಮುಟ್ಟಿ ಮಗ ಬೇಯುತ್ತಿದ್ದಾನೋ ಅಂತ ನೋಡುತ್ತಲೇ ಇದ್ದರು. "ಇನ್ನೂ ಹಸಿ ಐತೇನವ್ವಾ, ಬೆಂದಿಲ್ಲೇನು?" ಅಂತ ಇವರು ಕಾಡಿಸಿದರು. ಎದ್ದು ಕೂತಾಗ ತಲೆ ಸುತ್ತಿತು. ಅತ್ತೆ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಲೋಟ ಮುಂದಿಟ್ಟೆ. ಡಾಕ್ಟರು ಮಾತ್ರೆಯನ್ನು ಅರ್ಧಕ್ಕಿಳಿಸಿದರು.

ಆಮೇಲೊಂದು ದಿನ ತೊಡೆಯ ಮಾಂಸ ಕಪ್ಪೆಯ ಗಂಟಲಿನಂತೆ ಅದುರಿತು. ನಾನು ಕೈಮುಗಿದೆ. "ಇದು ನಡಿಗೆ ಅಲ್ಲಮ್ಮ, ಈಗ್ಲೇ ಹರಕೆ ತೀರಿಸಬ್ಯಾಡ್ರಿ," ಅಂದರು ಡಾಕ್ಟರು. ಆದರೆ ಮುಗಿದ ಕೈ ಮುಗಿದದ್ದೇ. ಸಣ್ಣದಕ್ಕೆ ಕೈಮುಗಿಯದವರು ದೊಡ್ಡದು ಬಂದಾಗ ಗುರುತಿಸುತ್ತಾರೆ ಅಂತ ನನಗೆ ನಂಬಿಕೆಯಿಲ್ಲ.

ಮುಂದೆ ಡಾಕ್ಟರು ಕೈಯಲ್ಲಿ ಹಿಡಿದು ನಡೆಯಲು ಎರಡು ಬಿದಿರು ಗಳ ಅಡ್ಡ ಕಟ್ಟಿಸಿದರು. ಮೇಲಿನ ತೊಲೆಯಿಂದ ಅಗಲ ಪಟ್ಟಿ ಇಳಿಬಿಟ್ಟು ಇವರ ಎದೆಗೆ ಹಾಕಿ, ಭಾರವೆಲ್ಲ ಪಟ್ಟಿಯ ಮೇಲೆ ಬೀಳುವಂತೆ ನಿಲ್ಲಿಸುವುದು. ಪಾದ ನೆಲಕ್ಕೆ ತಾಗಿಯೂ ತಾಗದಂತೆ. ಡಾಕ್ಟರು ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ದೂಡುವರು.

ಆ ಸೋಮವಾರ ನನಗೆ ಉಪವಾಸ. ಮಾತ್ರೆಯಾಗಿತ್ತು, ಎಣ್ಣೆಯಾಗಿತ್ತು. ಡಾಕ್ಟರು ತಿರುಪು ತಿರುಗಿಸಿ ದೂಡಿದರು. ಎಡಗಾಲು ಹಿಂದೆ ಉಳಿಯಿತು. ಇನ್ನೇನು ಎಳೆದುಕೊಂಡು ಬರುತ್ತದೆ ಅಂದುಕೊಂಡೆ. ಎಳೆಯಲಿಲ್ಲ. ಮಂಡಿ ಮಡಚಿತು, ಮೇಲೆದ್ದಿತು, ಮುಂದೆ ಬಂದು ಕೂತಿತು. ಅದು ಕೂತ ಕೂಡಲೇ ಬಲಗಾಲು ಎದ್ದಿತು. ಮತ್ತೆ ಎಡಗಾಲು.

ಇವರು ಬಗ್ಗಿ ತಮ್ಮ ಕಾಲನ್ನೇ ನೋಡುತ್ತಿದ್ದರು, ಬೇರೆಯವರ ಕಾಲು ನೋಡಿದಂತೆ.

"ಏ, ನಾನು ಹಾಕ್ತಿಲ್ಲ ಕಣೆ," ಅಂದರು ನನಗೆ. "ದೇವರಾಣೆ ನಾನು ಹಾಕ್ತಿಲ್ಲ. ಅದೇ ಹಾಕ್ತೈತೆ!"

"ಹಂಗಾದ್ರೆ ಯಾರಪ್ಪ ನಡೆಸ್ತಿರೋದು?" ಅತ್ತೆ ಮೇಲೆ ತೊಲೆ ನೋಡಿದರು, ಕೆಳಗೆ ಪೆಟ್ಟಿಗೆ ನೋಡಿದರು.

"ಯಾರಾದ್ರೂ ನಡೆಸ್ಲಿ ಅಜ್ಜಿ, ದೂಡ್ತಿರೋನು ನಾನು. ಬೆವರು ಒರೆಸ್ರಿ," ಅಂದರು ಡಾಕ್ಟರು. ಅವರ ದನಿ ಗದರಿಸಲು ಹೋಗಿ ಒಡೆಯಿತು.

ಯಾರು ನಡೆಸಿದರು ಅನ್ನುವ ಪ್ರಶ್ನೆಗೆ ನನಗೆ ಉತ್ತರ ಗೊತ್ತಿತ್ತು. ಡಾಕ್ಟರ ಉತ್ತರ ಬೇರೆ. ಎರಡಕ್ಕೂ ಜಗಳವಿದೆ ಅಂತ ನನಗೆ ಅನ್ನಿಸಲಿಲ್ಲ. ಹುಟ್ಟುವಾಗಲೇ ಬೆನ್ನೊಳಗೆ ತಾಳ ಕಟ್ಟಿ ಕಳಿಸಿದವನು ಅವನೇ ತಾನೆ? ಅದನ್ನು ಎಬ್ಬಿಸುವ ಬಗೆ ಕಂಡುಕೊಂಡವರ ತಲೆಯೂ ಅವನು ಕೊಟ್ಟದ್ದೇ.

ತಿರುಪು ನಿಲ್ಲಿಸಿದ ಕೂಡಲೇ ಕಾಲು ನಿಂತಿತು. ಇವರು "ನಡಿ, ನಡಿ" ಅಂತ ಎತ್ತಿಗೆ ಹೇಳಿದಂತೆ ಹೇಳಿದರು. ಅದು ಕೇಳಲಿಲ್ಲ. ಇವರ ಮುಖ ಇಳಿಯಿತು. ಹಾಗಾದರೆ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬದುಕಬೇಕೇ ಅಂತ ಕೇಳಿದರು. "ದಿನಾ ತುಳಿದ ದಾರಿ ಹುಲ್ಲಿನಾಗೂ ಕಾಣ್ತೈತೆ," ಅಂದರು ಡಾಕ್ಟರು. "ಜಜ್ಜಿದ ದಾರಿಯಾಗೆ ಉಳಿದಿರೋ ನಾಕು ಎಳೆ ಅಪ್ಪಣೆ ಒಯ್ಯೋದು ಕಲೀಬೇಕು. ಕಲೀತಾವೋ ಇಲ್ವೋ, ನೋಡಾನ. ನೀವೂ ಮನಸಿನಾಗೆ ಕಾಲು ಎತ್ತಿ ಇಡ್ತಾ ಇರ್ರಿ."

ಇವರು ಎತ್ತಿ ಇಟ್ಟರು. ಮಂಚದ ಮೇಲೆ ಕೂತು ಕಾಜಾ ಹೊಲಿಯುವಾಗಲೂ ತುಟಿಯಲ್ಲಿ "ಎಡ, ಬಲ, ಎಡ, ಬಲ" ಅನ್ನುವರು. ನಾನು ಚನ್ನಗಿರಿಯಲ್ಲೇ ಉಳಿದೆ. ಮಗಳು ಅಕ್ಕನ ಮಕ್ಕಳ ಶಾಲೆಗೆ ಹೋಗಿ ಕೂರತೊಡಗಿದಳು. ತಿರುಪು ಸ್ವಲ್ಪ ಸ್ವಲ್ಪ ಇಳಿಯುತ್ತ ಬಂತು, ಎದೆಯ ಪಟ್ಟಿ ಸಡಿಲವಾಗುತ್ತ ಬಂತು. ಒಂದು ದಿನ ಡಾಕ್ಟರು ಪೆಟ್ಟಿಗೆಯನ್ನು ತೆಗೆಯಲೇ ಇಲ್ಲ. ಮಾತ್ರೆಯ ಮೇಲೇ, ಗಳ ಹಿಡಿದು, ಇವರು ಈ ತುದಿಯಿಂದ ಆ ತುದಿಗೆ ಹೋದರು. ಅವತ್ತು ಕಾಲನ್ನು ಹಾಕಿದವರು ಇವರೇ. "ಈಗ ನಂದು," ಅಂದರು.

ಮೊದಲಿನಂತೆ ನಡೆದರು ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಬಲಗಾಲು ಕಡೆಯವರೆಗೂ ಸ್ವಲ್ಪ ಎಳೆಯಿತು. ಒಂದು ಕೋಲು ಅವರ ಕೈ ಬಿಡಲಿಲ್ಲ. ಮಿಶನ್ನನ್ನು ಹೆಚ್ಚಾಗಿ ಎಡಗಾಲಿನಲ್ಲೇ ತುಳಿದರು. ಹೊಲಿಗೆ ನಿಧಾನವಾಯಿತು. "ಕಾಲು ನಿಧಾನ ಆದ್ಮೇಲೆ ಕೈಗೆ ಬುದ್ಧಿ ಬಂತು," ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಎಷ್ಟೋ ಜನ ಅದೇ ಡಾಕ್ಟರ ಹತ್ತಿರ ಬಂದು, ನರ ಪೂರ್ತಿ ಹರಿದದ್ದರಿಂದ ಹಾಗೇ ವಾಪಸ್ ಹೋದದ್ದನ್ನು ಅಲ್ಲಿ ಕೂತು ನಾನು ಕಣ್ಣಾರೆ ನೋಡಿದ್ದೆ. ನಮಗೆ ಸಿಕ್ಕಿದ್ದು ಏನು ಅಂತ ನನಗೆ ಗೊತ್ತು.

ಚನ್ನಗಿರಿಯಲ್ಲಿದ್ದಾಗಲೇ, ಗಳ ಬಿಟ್ಟು ಎರಡು ಕೋಲು ಕೊಟ್ಟ ಮೇಲಿನ ಒಂದು ಬೆಳಿಗ್ಗೆಯನ್ನು ನಾನು ಮರೆತಿಲ್ಲ. ಅಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ನಾನು ಪಡಸಾಲೆ ಗುಡಿಸಿ ಮುಗಿಸಿದ್ದೆ. ಇವರು ಮಂಚದಿಂದ ಕಾಲಿಳಿಸಿ, ಕೋಲೂರಿ, ಎದ್ದು ನಿಂತರು. ಯಾರನ್ನೂ ಕರೆಯಲಿಲ್ಲ. ಹೊಸ್ತಿಲ ಹತ್ತಿರ ನಿಂತು ಮೊದಲು ಎಡಗಾಲು, ಆಮೇಲೆ ಬಲಗಾಲನ್ನು ದಾಟಿಸಿದರು. ಹಿತ್ತಲ ಕಡೆ ಹೊರಟರು. ಅತ್ತೆ ಹೊಸದಾಗಿ ಹೆಜ್ಜೆಯಿಡುವ ಕೂಸಿನ ಹಿಂದೆ ಹೋಗುವಂತೆ ಎರಡೂ ಕೈ ಚಾಚಿಕೊಂಡು ಬೆನ್ನು ಹತ್ತಿದರು.

"ಹಿಂದೆ ಬರಬ್ಯಾಡ ಅವ್ವಾ. ನಿನ್ನ ಕೈ ನೋಡಿದ್ರೆ ನಂಗೇ ಬೀಳಂಗಾಗ್ತೈತೆ."

"ನಾನೆಲ್ಲಿ ಬಂದೀನಿ? ನಾನು ತುಳಸಿಗೆ ನೀರು ಹಾಕಾಕೆ ಹೊಂಟೀನಿ."

"ಚೆಂಬು ಎಲ್ಲೈತೆ?"

ಅತ್ತೆ ಬರಿಗೈ ನೋಡಿಕೊಂಡು, "ತರ್ತೀನಿ, ನಿಂಗ್ಯಾಕೆ?" ಅಂದರು. ತರಲು ಹೋಗಲಿಲ್ಲ.

ಇವರು ಬಚ್ಚಲ ಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಕಲ್ಲಿನ ಮೇಲೆ ಕೂತ ಸದ್ದು, ಕೋಲು ಗೋಡೆಗೊರಗಿಸಿದ ಸದ್ದು ಕೇಳಿತು. ಬಿದ್ದಾಗಿನಿಂದ ಮಂಚದ ಮೇಲೇ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಸಿಕೊಂಡವರು. ನಾವು ಮೂರು ಹೆಂಗಸರು ಹಿತ್ತಲ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದೆವು. ಒಳಗಿನಿಂದ ದನಿ ಬಂತು.

"ಏನ್ರೇ ಇದು? ಜಳಕಕ್ಕೆ ಬಂದೋನಿಗೆ ಹಂಡೆಯಾಗೆ ಹನಿ ನೀರಿಲ್ಲ, ಒಲ್ಯಾಗೆ ಬೆಂಕಿ ಇಲ್ಲ! ಹಿಂಗೇನು ಅಳಿಯನ್ನ ನೋಡ್ಕೊಳ್ಳೋದು?"

ಅಕ್ಕ ನಕ್ಕಳು. ಅತ್ತೆ ಅತ್ತರು, ನಕ್ಕರು, ಅಳುತ್ತಲೇ ಸೌದೆ ಹುಡುಕಲು ಓಡಿದರು. ನಾನು ಮನಸ್ಸಿನಲ್ಲೇ ಶಿವನಿಗೊಂದು ಕೈಮುಗಿದು, "ಬಂದೆ ರೀ, ಒಂದು ಗಳಿಗೆ ಕೂರ್ರಿ," ಅಂತ ಕೂಗಿ, ಕೊಡ ಸೊಂಟಕ್ಕಿಟ್ಟುಕೊಂಡು ಹಂಡೆಗೆ ನೀರು ಸೇದಲು ಬಾವಿಗೆ ಹೋದೆ.